ಓನರ್‌ನ ಕೇಳಿ ಹೇಳ್ತೀನಿ

ತನ್ನ ತಲೆಯ ಮೇಲೆ ಇನ್ನೊಬ್ಬ ಇರುವುದು ಎಷ್ಟು ಸುಖ ಎಂಬುದು, ಆ ಇನ್ನೊಬ್ಬ ಇಲ್ಲವಾದ ಮೇಲೇ ಮನುಷ್ಯನಿಗೆ ತಿಳಿಯುವುದು. ಗುಮಾಸ್ತನಿಗೆ ಸಾಹೇಬರಿದ್ದಾರೆ, ಮೇಷ್ಟರಿಗೆ ಇನ್‌ಸ್ಪೆಕ್ಟರಿದ್ದಾರೆ, ಪೂಜಾರಿಗೆ ಸಾಕ್ಷಾತ್ ದೇವರೇ ಇದ್ದಾನೆ. ಯಾರಾದರೂ ಬಂದು ಆಗದ ಕೆಲಸ ಕೇಳಿದರೆ ಇವರೆಲ್ಲ ಒಂದು ಸಲ ಮೇಲಕ್ಕೆ ನೋಡಿ, ನನ್ನದೇನೂ ಇಲ್ಲಪ್ಪ, ಅವರು ಒಪ್ಪಬೇಕಲ್ಲ ಎಂದು ಕೈ ತೊಳೆದುಕೊಳ್ಳುತ್ತಾರೆ. ಕೇಳಿದವನಿಗೆ ಬೇಸರವಿಲ್ಲ, ಹೇಳಿದವನಿಗೆ ನಿಷ್ಠುರವಿಲ್ಲ. ನಾನು ಹತ್ತು ವರ್ಷ ಇನ್ನೊಬ್ಬರ ಲಾರಿ ಓಡಿಸಿದವನು. ಆ ಹತ್ತು ವರ್ಷವೂ ನನ್ನನ್ನು ಕಾಪಾಡಿದ್ದು ಯಾವುದು ಎಂದು ಕೇಳಿದರೆ ಬ್ರೇಕಿನ ಹೆಸರನ್ನಾಗಲಿ, ಗಾಜಿನ ಮೇಲೆ ಅಂಟಿಸಿದ್ದ ದೇವರ ಪಟದ ಹೆಸರನ್ನಾಗಲಿ ನಾನು ಹೇಳುವುದಿಲ್ಲ. ಕಾಪಾಡಿದ್ದು ಒಂದು ಮಾತು: ‘ಓನರ್‌ನ ಕೇಳಿ ಹೇಳ್ತೀನಿ.’ ಸ್ವಂತ ಲಾರಿ ಕೊಂಡ ದಿನ ಆ ಮಾತು ನನ್ನ ಕೈ ಬಿಟ್ಟಿತು. ಆಮೇಲೆ ನಾನು ಪಟ್ಟ ಪಾಡನ್ನು ಹೇಳಿಕೊಳ್ಳೋಣವೆಂದು ಕೂತಿದ್ದೇನೆ. ಲಾರಿ ಡ್ರೈವರ್ ಬರೆಯುವುದುಂಟೇ ಎಂದು ಹುಬ್ಬೇರಿಸಬೇಡಿ. ನಮ್ಮ ಕಸುಬಿನಲ್ಲಿ ಓಡಿಸುವುದು ಕಾಲು ಪಾಲು, ಲೋಡಿಗಾಗಿ ಕಾಯುವುದು ಮುಕ್ಕಾಲು ಪಾಲು. ಕಾಯುತ್ತಾ ಕೂತವನು ಬೀಡಿ ಸೇದಬೇಕು, ಇಲ್ಲವೇ ಓದಬೇಕು. ನನಗೆ ಬೀಡಿಗೆ ಮನೆಯಲ್ಲಿ ಅಪ್ಪಣೆ ಇರಲಿಲ್ಲ.

ಆಗಿನ ನನ್ನ ಓನರ್ ಯಶವಂತಪುರದ ಸಿದ್ಧಲಿಂಗಪ್ಪನವರು. ನಾಲ್ಕು ಲಾರಿಗಳ ಒಡೆಯರು. ಮನುಷ್ಯ ಎಂಥ ಸಾಧುವೆಂದರೆ, ಅಂಗಳಕ್ಕೆ ನುಗ್ಗಿ ಹೂವಿನ ಗಿಡ ಮೇಯುವ ಬೀದಿ ಹಸುವನ್ನೂ ‘ಹೋಗಮ್ಮ’ ಎಂದು ಬಹುವಿನಯದಿಂದ ಕಳಿಸುತ್ತಿದ್ದರು. ಹತ್ತು ವರ್ಷದಲ್ಲಿ ನನ್ನನ್ನು ಒಂದು ಸಲವೂ ಗದರಿದವರಲ್ಲ. ಆದರೆ ತುಮಕೂರು ರಸ್ತೆಯ ಉದ್ದಕ್ಕೂ ಮಂಡಿಗಳಲ್ಲಿ ಅವರು ಮಹಾ ಸಿಡುಕರೆಂದು ಹೆಸರಾಗಿತ್ತು. ಆ ಹೆಸರು ಸಂಪಾದಿಸಿಕೊಟ್ಟವನು ನಾನು. ಇನ್ನು ಹತ್ತು ಮೂಟೆ ಹಾಕಿಕೊಳ್ಳಯ್ಯ ಎಂದು ಯಾರಾದರೂ ಒತ್ತಾಯ ಮಾಡಿದರೆ, ನನಗೇನೂ ಅಭ್ಯಂತರವಿಲ್ಲ, ನಮ್ಮ ಓನರ್ ಚರ್ಮ ಸುಲಿದುಬಿಡುತ್ತಾರೆ ಎಂದು ಹೇಳಿ ಕೈ ಕೊಡವಿಕೊಳ್ಳುತ್ತಿದ್ದೆ. ಹಾಗೆಂದು ನಾನೇನೂ ಸತ್ಯಸಂಧನಲ್ಲ. ಓನರ್‌ಗೆ ತಿಳಿಯದಂತೆ ಟಾರ್ಪಾಲಿನ ಅಡಿಯಲ್ಲಿ ಯಾರದೋ ಒಂದು ಮೂಟೆ ಈರುಳ್ಳಿಯನ್ನೋ, ಕ್ಯಾಬಿನ್ನಿನಲ್ಲಿ ಮಾಕಳಿಗೆ ಹೋಗಬೇಕಾದ ಯಾರದೋ ಅತ್ತೆಯನ್ನೋ ಸಾಗಿಸುವುದು ಆಗ ಡ್ರೈವರ್ ಕಸುಬಿನ ಅಂಗವೇ ಆಗಿತ್ತು. ನಾನು ಕೆಲಸ ಬಿಡುತ್ತೇನೆ, ಸ್ವಂತ ಗಾಡಿ ಮಾಡುತ್ತೇನೆ ಎಂದು ಹೇಳಲು ಹೋದಾಗ ಸಿದ್ಧಲಿಂಗಪ್ಪನವರು ಸಂತೋಷಪಟ್ಟು, ಎಲೆಅಡಿಕೆ ಕೊಟ್ಟು, ಬಾಗಿಲವರೆಗೂ ಬಂದರು. ಅಲ್ಲಿ ನಿಂತು ನಗುತ್ತಾ ಒಂದು ಮಾತು ಕೇಳಿದರು:

“ಅಲ್ಲಪ್ಪ ನಂಜಪ್ಪ, ಇಷ್ಟು ದಿನ ನನ್ ಹೆಸರು ಹೇಳ್ಕೊಂಡು ಜನಾನ ಸಾಗಹಾಕ್ತಿದ್ದೆ. ಇನ್‌ಮೇಲೆ ಯಾರ್ ಹೆಸರು ಹೇಳ್ತೀಯ?”

ಅವರಿಗೆ ಎಲ್ಲವೂ ತಿಳಿದಿತ್ತು ಎಂದು ನಾಚಿಕೆಯಾಯಿತು. ಕೇಳಿದ್ದು ತಮಾಷೆಗೆ ಎಂದುಕೊಂಡು ಮನೆಗೆ ಹೋಗಲು ಯಲಹಂಕದ ಬಸ್ಸು ಹತ್ತಿದೆ.

ಲಾರಿ ಕೊಳ್ಳುವ ಆಸೆ ನನ್ನದು. ಕೊಂಡದ್ದು ಎಮ್ಮೆಗಳಿಂದ. ನನ್ನ ಹೆಂಡತಿ ಗೌರಮ್ಮ ಹೆಸರಘಟ್ಟದ ಕಡೆಯವಳು. ಮದುವೆಯಲ್ಲಿ ಅವಳಪ್ಪ ಬಳುವಳಿಯಾಗಿ ಎರಡು ಎಮ್ಮೆಕರು ಕೊಟ್ಟಿದ್ದರು. ಅವಳು ಅವನ್ನು ಸಾಕಿ, ಬೆಳೆಸಿ, ನಾಲ್ಕು ಕರೆಯುವ ಎಮ್ಮೆ ಮಾಡಿಕೊಂಡಿದ್ದಳು. ಯಲಹಂಕದ ಎರಡು ಹೋಟೆಲುಗಳ ಕಾಫಿ ಅವಳ ಹಾಲಿನ ಮೇಲೆ ನಡೆಯುತ್ತಿತ್ತು. ನಾನು ಸ್ವಂತ ಗಾಡಿಯ ಮಾತೆತ್ತಿದಾಗ ಒಂದು ವಾರ ಅವಳು ಏನೂ ಹೇಳಲಿಲ್ಲ. ಅವಳು ಬೈದರೆ ನನಗೆ ಅಷ್ಟು ಭಯವಿಲ್ಲ, ಒಂದು ಸಲ ನೋಡಿ ಸುಮ್ಮನಾದಳೆಂದರೆ ಕೈಕಾಲು ಆಡುವುದಿಲ್ಲ. ಎಂಟನೆಯ ದಿನ ಮೂರು ಎಮ್ಮೆ ಮಾರಿ ಎಂದಳು. ಜತೆಗೆ ಷರತ್ತುಗಳೂ ಬಂದವು: ಗಾಡಿ ಹೊರಲಾರದ್ದನ್ನು ಹೊರಿಸಬಾರದು, ಅಮಾವಾಸ್ಯೆಯ ದಿನ ಹೊರಡಬಾರದು, ಗಾಡಿಯ ಹತ್ತಿರ ಯಾರೂ ಬೀಡಿ ಹಚ್ಚಬಾರದು. ಯುಗಾದಿಯವರೆಗೆ ನೋಡುತ್ತೇನೆ, ಅಷ್ಟರಲ್ಲಿ ಒಂದು ಕಡೆ ನೆಟ್ಟಗೆ ಕೆಲಸ ಹಿಡಿಯದಿದ್ದರೆ ಗಾಡಿ ಮಾರಿ ಎಮ್ಮೆ ತರಬೇಕು ಎಂಬುದು ಕೊನೆಯ ಷರತ್ತು. ಎಲ್ಲಕ್ಕೂ ತಲೆಯಾಡಿಸಿದೆ. ಎಮ್ಮೆಗಳನ್ನು ಹೊಡೆದುಕೊಂಡು ಹೋದ ದಿನ ಅವಳು ಹೊರಗೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ನಾಲ್ಕಕ್ಕೆ ಅಭ್ಯಾಸಬಲದಿಂದ ಎದ್ದು, ಕೊಟ್ಟಿಗೆಗೆ ಹೋಗಿ, ಉಳಿದ ಒಂದೇ ಎಮ್ಮೆಯನ್ನು ಕರೆದು, ಇನ್ನೂ ಮೂರಕ್ಕೆ ಆಗುವಷ್ಟು ಹೊತ್ತು ಅಲ್ಲೇ ಕೂತಿದ್ದಳು. ಆ ಬೆಳಿಗ್ಗೆ ನನಗೆ ಲಾರಿ ಬೇಡವೇ ಬೇಡ ಎನ್ನಿಸಿತು. ಆದರೆ ಮುಂಗಡ ಕೊಟ್ಟಾಗಿತ್ತು.

ಲಾರಿ ಹಳೆಯ ಮಿಲಿಟರಿ ಮಾಲು. ಯುದ್ಧ ಮುಗಿದ ಮೇಲೆ ಸರ್ಕಾರ ಹರಾಜು ಹಾಕಿದ ಗಾಡಿಗಳಲ್ಲಿ ಒಂದು, ಕೈಯಿಂದ ಕೈಗೆ ಬಂದು ನನ್ನ ಪಾಲಿಗೆ ಉಳಿದಿತ್ತು. ಇದು ಬರ್ಮಾ ಗಡಿಯವರೆಗೂ ಹೋಗಿ ಬಂದಿದೆ ಎಂದು ಮಾರಿದವನು ಹೆಮ್ಮೆಯಿಂದ ಹೇಳಿದ. ಓಡಿಸಿ ನೋಡಿದ ಮೇಲೆ, ಹೋಗಿದ್ದು ನಿಜ, ಬಂದದ್ದು ಪೂರ್ತಿ ಬಂದಿಲ್ಲ ಎಂದು ನನಗೆ ಗೊತ್ತಾಯಿತು. ಕಾಗದಪತ್ರ ಮಾಡಿಸುವಾಗ ಭಾವಮೈದ ಚಿಕ್ಕಣ್ಣ ಹೆಸರಘಟ್ಟದಿಂದ ಬಂದು, ಹೋಗಿರುವುದು ನಮ್ಮಕ್ಕನ ಎಮ್ಮೆ, ಗಾಡಿ ಅವಳ ಹೆಸರಿಗೇ ಆಗಬೇಕು ಎಂದು ಪಟ್ಟು ಹಿಡಿದ. ನಾನು ದೊಡ್ಡ ಮನಸ್ಸು ಮಾಡಿ ಒಪ್ಪಿದೆ. ಕಾಗದದಲ್ಲಿ ಯಾರ ಹೆಸರಿದ್ದರೇನು, ಸ್ಟಿಯರಿಂಗ್ ಇರುವುದು ಯಾರ ಕೈಯಲ್ಲಿ? ಗೌರಮ್ಮ ಮೂರು ಕಡೆ ಹೆಬ್ಬೆಟ್ಟು ಒತ್ತಿದಳು. ಕಾಗದ ಅವಳ ಟ್ರಂಕು ಸೇರಿತು. ನಾನು ಅದನ್ನು ಮರೆತೇಬಿಟ್ಟೆ. ಮರೆಯಬೇಕೆಂಬ ಆಸೆಯೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಗಾಡಿಯ ಪಕ್ಕದಲ್ಲಿ ಓನರ್ ಹೆಸರು, ಊರು ಬರೆಸಲೇಬೇಕು ಎಂಬ ಕಾಯಿದೆ ಇತ್ತಲ್ಲ, ಬಣ್ಣದವನಿಗೆ, ಬೇಕಾದವರು ಹುಡುಕಿಕೊಂಡು ಓದುವಷ್ಟು ಸಣ್ಣಗೆ ಬರಿ ಎಂದು ಹೇಳಿದೆ. ಅವನು ಜಾಣ. ಹಿಂದಿನ ಚಕ್ರದ ಹತ್ತಿರ, ಮೊದಲ ಮಳೆಗೇ ಕೆಸರು ಹಾರಿ ಮುಚ್ಚಿಹೋಗುವ ಜಾಗದಲ್ಲಿ ಬರೆದ.

ಪೂಜೆಯೇನೋ ಗಡದ್ದಾಗಿ ಆಯಿತು. ಆರು ಚಕ್ರಗಳ ಅಡಿಗೂ ನಿಂಬೆಹಣ್ಣು ಇಟ್ಟೆವು. ಗೌರಮ್ಮ ಸ್ಟೆಪ್ನಿಗೂ ಒಂದು ಕಟ್ಟಿಸಿದಳು. ಬೂದುಗುಂಬಳ ಒಡೆದು ನಾನು ಸೀಟಿನ ಮೇಲೆ ರಾಜಗಾಂಭೀರ್ಯದಿಂದ ಕೂತೆ. ಮುಂದೆ ಹ್ಯಾಂಡಲ್ ಹಾಕಿ ಒಬ್ಬರಾದ ಮೇಲೊಬ್ಬರು ತಿರುಗಿಸಿದರು. ಗಾಡಿ ಒಮ್ಮೆ ಗೊಗ್ಗರು ದನಿಯಲ್ಲಿ ಕೆಮ್ಮಿ ತೆಪ್ಪಗಾಯಿತು. ಕೊನೆಗೆ ಪುರೋಹಿತರು ಪಂಚೆ ಎತ್ತಿ ಕಟ್ಟಿದರು, ನೆಂಟರಿಷ್ಟರೂ ಹೆಗಲು ಕೊಟ್ಟರು. ಹೀಗೆ ನನ್ನ ನಿಂಬೆಹಣ್ಣುಗಳು ಜಜ್ಜಿಹೋದದ್ದು ಎಂಜಿನ್ನಿನ ಬಲದಿಂದಲ್ಲ, ಬಂಧುಬಳಗದ ಬಲದಿಂದ. ಆಮೇಲೆ ಸ್ಟಾರ್ಟ್ ಆಯಿತು. ಹೆಬ್ಬಾಳದ ಕೆರೆ ಮುಟ್ಟುವಷ್ಟರಲ್ಲಿ ರೇಡಿಯೇಟರ್ ಕುದಿದು ಹೊಗೆಯಾಡಿತು. ಕೆರೆಯಿಂದ ನಾಲ್ಕು ಬಕೆಟ್ ನೀರು ಕುಡಿಸಿದೆ. ಸಂಜೆ ಇದನ್ನು ಹೇಳಿದಾಗ ಗೌರಮ್ಮ, ಎಮ್ಮೆಗಳೂ ಅಷ್ಟೇ ಕುಡಿಯುತ್ತಿದ್ದವು, ಆದರೆ ಹಾಲು ಕೊಡುತ್ತಿದ್ದವು ಎಂದು ಮಾತ್ರ ಹೇಳಿದಳು.

ಮೊದಲ ದಿನ ಯಶವಂತಪುರದ ಗೂಡ್ಸ್ ಶೆಡ್ಡಿಗೆ ಓನರಿಗೆ ತಕ್ಕಂತೆ ಬಿಳೀ ಅಂಗಿ, ಬಿಳೀ ಪಂಚೆ ಉಟ್ಟು ಹೋದೆ. ವ್ಯಾಪಾರಿಗಳು ನನಗೆ ನಮಸ್ಕಾರ ಮಾಡಿ, ಗಾಡಿ ಹಿಂದಕ್ಕೆ ಹಾಕಿಸಬೇಕಿತ್ತು, ನಿಮ್ಮ ಡ್ರೈವರ್ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ಅವರ ಮುಖದಲ್ಲಿದ್ದ ನಮಸ್ಕಾರ ಅರ್ಧ ಇಳಿದುಹೋಯಿತು. ಮಾರನೆಯ ದಿನ ಬುದ್ಧಿ ಕಲಿತು ಖಾಕಿ ಹಾಕಿಕೊಂಡು ಹೋದೆ. ಅವತ್ತು, ಏ ಡ್ರೈವರ್, ನಿಮ್ಮ ಓನರ್ ಎಲ್ಲಯ್ಯ, ಬಾಡಿಗೆ ಮಾತಾಡಬೇಕು ಎಂದರು. ನಾನೇ ಎಂದೆ. ಅವತ್ತು ನಕ್ಕರು. ಎರಡು ಕುರ್ಚಿಯ ಮೇಲೆ ಒಟ್ಟಿಗೆ ಕೂರಲು ಹೋದವನು ನಡುವೆ ನೆಲಕ್ಕೆ ಬೀಳುತ್ತಾನಲ್ಲ, ನನ್ನ ಸ್ಥಿತಿ ಹಾಗಾಯಿತು.

ಅದಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ ಇತ್ತು. ನನ್ನ ಹುಟ್ಟುಗುಣವೊಂದನ್ನು ಇಲ್ಲಿ ಹೇಳಿಬಿಡಬೇಕು. ಎದುರಿಗೆ ನಿಂತು ಕೇಳಿದವರಿಗೆ ‘ಆಗಲ್ಲ’ ಎನ್ನುವುದು ನನ್ನ ನಾಲಿಗೆಗೆ ಬರುವುದಿಲ್ಲ. ಹತ್ತು ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ‘ಆಗಲ್ಲ’ ಎನ್ನುವ ಕೆಲಸವನ್ನು ನನ್ನ ಪರವಾಗಿ ಸಿದ್ಧಲಿಂಗಪ್ಪನವರು ತಮಗೆ ತಿಳಿಯದೆಯೇ ಮಾಡುತ್ತಿದ್ದರು. ಈಗ ವ್ಯಾಪಾರಿಗಳು, ಅಣ್ಣಾ ನಿಮ್ಮದೇ ಗಾಡಿ ತಾನೇ, ಯಾರನ್ನು ಕೇಳಬೇಕು, ಇನ್ನು ನಾಲ್ಕು ಮೂಟೆ ಏರಿಸಿ ಎನ್ನುವರು. ನಿಜ, ಯಾರನ್ನು ಕೇಳಬೇಕು? ಏರಿಸುತ್ತಿದ್ದೆ. ದಾರಿಯಲ್ಲಿ ನಾಲ್ಕು ಜನ ಕೈ ಅಡ್ಡ ಹಿಡಿದರೆ ಅವರನ್ನೂ ಹತ್ತಿಸುತ್ತಿದ್ದೆ. ಮೂರನೆಯ ವಾರ ದೊಡ್ಡಬಳ್ಳಾಪುರದ ದಾರಿಯಲ್ಲಿ, ಹೊರಲಾರದಷ್ಟು ಹೊತ್ತ ಗಾಡಿಯ ಹಿಂದಿನ ಕಮಾನ್ ಪಟ್ಟಿ ಮುರಿದು, ಲಾರಿ ಕುಂಟೆತ್ತಿನ ಹಾಗೆ ಒಂದು ಕಡೆಗೆ ವಾಲಿಕೊಂಡು ಮನೆಗೆ ಬಂತು. ಗೌರಮ್ಮ ಹೊರಗೆ ಬಂದು ಒಂದು ಸಲ ಗಾಡಿ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಒಳಗೆ ಹೋದಳು. ಯುಗಾದಿಗೆ ಎಷ್ಟು ದಿನ ಉಳಿಯಿತು ಎಂದು ನಾನೇ ಲೆಕ್ಕ ಹಾಕಿಕೊಂಡೆ.

ಪಟ್ಟಿ ರಿಪೇರಿಯಾಗಿ ಮತ್ತೆ ಗೂಡ್ಸ್ ಶೆಡ್ಡಿಗೆ ಹೋದ ದಿನ ಹೊಸಬರೊಬ್ಬರು ಇನ್ನಾರು ಮೂಟೆಗೆ ಒತ್ತಾಯ ಮಾಡಿದರು. ನನ್ನ ಬಾಯಿ ‘ಆಗಲಿ’ ಎನ್ನಲು ತೆರೆಯಿತು. ಅದರಿಂದ ಹೊರಗೆ ಬಂದದ್ದು ಹಳೆಯ ಮಾತು: ‘ಓನರ್‌ನ ಕೇಳಿ ಹೇಳ್ತೀನಿ ಸ್ವಾಮಿ, ಅವ್ರು ಬಿಡಲ್ಲ.’ ಆ ಮನುಷ್ಯ ಸುಮ್ಮನಾದರು. ಗಾಡಿ ಹಗುರವಾಗಿ ಹೊರಟಿತು. ಮನಸ್ಸು ಅದಕ್ಕಿಂತ ಹಗುರವಾಗಿತ್ತು. ಸುಳ್ಳು ಹೇಳಿದೆ ಎಂಬ ಅಳುಕು ಹೆಬ್ಬಾಳ ದಾಟುವವರೆಗೆ ಇತ್ತು, ಆಮೇಲೆ ಎಲ್ಲೋ ಇಳಿದುಹೋಯಿತು.

ಸುಳ್ಳಿನ ಕಷ್ಟವೇನೆಂದರೆ ಅದಕ್ಕೆ ದಿನಾ ಮೇವು ಹಾಕಬೇಕು. ಮೊದಲು ನಾನೇ ಓನರ್ ಎಂದದ್ದು ಬರೀ ಜಂಬಕ್ಕೆ ಎಂದು ಹಳಬರಿಗೆ ಹೇಳಿದೆ, ಅದನ್ನು ಅವರು ಕೂಡಲೇ ನಂಬಿದರು. ನಿಮ್ಮ ಓನರ್ ಯಾರಯ್ಯ ಎಂದು ಜನ ಕೇಳತೊಡಗಿದರು. ಯಲಹಂಕದ ಕಡೆಯವರು, ಹೊರಗೆ ಬರುವುದು ಕಡಿಮೆ ಎಂದೆ. ಹೇಗೆ ಮನುಷ್ಯ ಎಂದರು. ಕಟ್ಟುನಿಟ್ಟು ಎಂದೆ. ಹೊರೆ ಜಾಸ್ತಿಯಾದರೆ ಗಾಡಿಯೂ ಬಾಯಿಲ್ಲದ ಪ್ರಾಣಿಯೇ ಎನ್ನುತ್ತಾರೆ. ಅಮಾವಾಸ್ಯೆಗೆ ಗಾಡಿ ತೆಗೆಯಲು ಬಿಡುವುದಿಲ್ಲ. ಬೀಡಿಯ ವಾಸನೆ ಕಂಡರೆ ಆಗುವುದಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಗಾಡಿಯ ಸುತ್ತ ಒಂದು ಸುತ್ತು ಬರುತ್ತಾರೆ. ತಪ್ಪು ಮಾಡಿದರೆ ಬಯ್ಯುವುದಿಲ್ಲ, ಒಂದು ಸಲ ನೋಡಿ ಸುಮ್ಮನಾಗುತ್ತಾರೆ, ಅದೇ ಸಾಕು. ಇಷ್ಟೆಲ್ಲ ಗುಣವಿರುವವನಿಗೆ ಒಂದು ಆಕಾರವಿಲ್ಲದಿದ್ದರೆ ಹೇಗೆ ಎಂದು ದಪ್ಪ ಮೀಸೆಯನ್ನೂ ಇಟ್ಟೆ. ಎರಡು ತಿಂಗಳಲ್ಲಿ ಆ ಮೀಸೆಯ ಮನುಷ್ಯ ಶೆಡ್ಡಿನಲ್ಲಿ ನನಗಿಂತ ಹೆಸರುವಾಸಿಯಾದ. ಹಮಾಲಿಗಳು ನನ್ನ ಗಾಡಿಯ ಹತ್ತಿರ ಬೀಡಿ ಹಚ್ಚುವುದನ್ನು ಬಿಟ್ಟರು. ಒಬ್ಬ ದ್ರಾಕ್ಷಿ ತೋಟದವರು ನಿಮ್ಮ ಓನರ್ ಮನೆಗೆ ಕೊಡು ಎಂದು ಒಂದು ಬುಟ್ಟಿ ದ್ರಾಕ್ಷಿ ಕಳಿಸಿದರು. ಅದನ್ನು ನಾನೇ ತಿಂದೆ, ಓನರಿಗೆ ಮೋಸ ಮಾಡಿದ ಹಳೆಯ ರುಚಿ ಅದರಲ್ಲಿತ್ತು. ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಆಗುತ್ತಿತ್ತು. ಮೈ ಮುರಿದು ದುಡಿಯುವವನು ನಾನು, ಇಲ್ಲದ ಆಸಾಮಿಗೆ ಊರೆಲ್ಲ ಮರ್ಯಾದೆ. ಪಾಪ, ನಿನಗೆ ಎಂಥ ಓನರ್ ಗಂಟುಬಿದ್ದನಯ್ಯ ಎಂದು ಒಬ್ಬರು ಮರುಕ ಪಟ್ಟಾಗ, ನಾನು ಅವನ ಪರವಾಗಿ ವಾದಿಸಿ, ಮನುಷ್ಯ ಒರಟಾದರೂ ಒಳಗೆ ಒಳ್ಳೆಯವರು ಎಂದೆ. ಇಲ್ಲದವನ ಪರವಾಗಿ ಯಾಕಿಷ್ಟು ವಾದಿಸಿದೆ ಎಂದು ಆಗ ಗೊತ್ತಾಗಲಿಲ್ಲ.

ಇಷ್ಟರಲ್ಲಿ ಮುನಿಶಾಮಪ್ಪನವರು ಸಿಕ್ಕರು. ಹೆಬ್ಬಾಳದ ಕೆರೆಯ ಹಿಂದೆ ಅವರ ಇಟ್ಟಿಗೆ ಗೂಡುಗಳಿದ್ದವು. ಊರೊಳಗೆ ಹೊಸ ಬಡಾವಣೆಗಳು ಏಳುತ್ತಿದ್ದ ಕಾಲ, ಇಟ್ಟಿಗೆಗೆ ಬಹಳ ಗಿರಾಕಿ. ಮಳೆ ಹಿಡಿಯುವವರೆಗೂ ದಿನಕ್ಕೆರಡು ಟ್ರಿಪ್ಪು ಒಂದೇ ಗಾಡಿಗೆ ಕೊಡುವ ಯೋಚನೆ ಅವರದು. ಅದು ಸಿಕ್ಕರೆ ನನ್ನ ಲಾರಿ ಉಳಿಯುತ್ತಿತ್ತು. ಸಿಗದಿದ್ದರೆ ಯುಗಾದಿಗೆ ಇನ್ನು ಎರಡೇ ವಾರ. ಎರಡು ದಿನ ನನ್ನ ಗಾಡಿ ನೋಡಿದರು. ಮೂರನೆಯ ದಿನ ಸಾವಿರ ಇಟ್ಟಿಗೆ ಏರಿಸಿ ಆಳುಗಳು ಕೈ ಒರೆಸಿಕೊಳ್ಳುವಾಗ, ಒಂದೂವರೆ ಸಾವಿರ ಏರಿಸಬಹುದಲ್ಲ ಎಂದರು. ನಾನು ಯಥಾಪ್ರಕಾರ ಓನರ್ ಬಿಡಲ್ಲ ಎಂದೆ. ಮೀಸೆಯನ್ನೂ ವಿವರಿಸಿದೆ. ಅವರು ನನ್ನ ಮುಖ ನೋಡಿ ಹೇಳಿದರು:

“ಡ್ರೈವರ್‌ಗಳ ಮಾತು ನಾನು ಬೇಕಾದಷ್ಟು ಕೇಳಿವ್ನಿ ಕಣಯ್ಯ. ಎಲ್ರೂ ಓನರ್ ಎಸ್ರೇ ಏಳಾದು. ನಿಮ್ ಓನರ್ನೇ ಕರ್ಕಂಬಾ. ಅವ್ರ ಬಾಯಲ್ಲಿ ಕೇಳೇ ನಾನು ಗಾಡಿ ಗೊತ್ತು ಮಾಡಾದು.”

ನಾನೇ ಓನರ್ ಎಂದು ಆಗಲೇ ಹೇಳಿಬಿಡಬಹುದಿತ್ತು. ಆದರೆ ಮೀಸೆಯನ್ನು ಎಲ್ಲಿ ಬಚ್ಚಿಡಲಿ? ಸುಳ್ಳ ಎಂದು ಗೊತ್ತಾದವನಿಗೆ ಯಾರು ಕೆಲಸ ಕೊಡುತ್ತಾರೆ? ಓನರ್ ತಿರುಪತಿಗೆ ಹೋಗಿದ್ದಾರೆ ಎಂದೆ. ತಿರುಪತಿಯಿಂದ ಬಂದವರಿಗೆ ಜ್ವರ ಬರಿಸಿದೆ. ಜ್ವರ ಬಿಟ್ಟ ಮೇಲೆ ನೆಂಟರ ಮನೆಗೆ ಕಳಿಸಿದೆ. ಸಿದ್ಧಲಿಂಗಪ್ಪನವರನ್ನೇ ಒಂದು ದಿನದ ಮಟ್ಟಿಗೆ ಕರೆತರೋಣವೇ ಎಂದೂ ಯೋಚಿಸಿದೆ. ಅವರು ಬಂದಿದ್ದರೆ ಒಂದೂವರೆ ಸಾವಿರಕ್ಕೆ ಬದಲು ಎರಡು ಸಾವಿರಕ್ಕೆ ಒಪ್ಪಿ, ಏರಿಸಲು ತಾವೂ ಕೈ ಕೊಡುತ್ತಿದ್ದರು. ಯುಗಾದಿಗೆ ನಾಲ್ಕು ದಿನವಿದ್ದಾಗ ಗೂಡಿಗೆ ಹೋದರೆ ಮುನಿಶಾಮಪ್ಪನವರು ಅಲ್ಲಿರಲಿಲ್ಲ. ಆಳೊಬ್ಬ ಹೇಳಿದ: ಯಜಮಾನರು ನಿನ್ನೆ ನೀವು ಬಂದಿದ್ದಾಗ ನಿಮ್ಮ ಗಾಡಿಯ ಹಿಂದಿನ ಚಕ್ರದ ಹತ್ತಿರ ಕೂತು, ಎಲೆ ತಗೊಂಡು ಕೆಸರು ಒರೆಸಿ, ಏನೋ ಓದಿಕೊಂಡರು. ಇವತ್ತು ಬೆಳಿಗ್ಗೆ ಯಲಹಂಕದ ಬಸ್ಸು ಹತ್ತಿದರು.

ಗಾಡಿಯನ್ನು ಯಲಹಂಕಕ್ಕೆ ಹೇಗೆ ಓಡಿಸಿದೆನೋ ಗೊತ್ತಿಲ್ಲ. ದಾರಿಯಲ್ಲಿ ಅದು ನೀರು ಕೇಳಲಿಲ್ಲ, ಕೇಳಿದ್ದರೂ ನಾನು ನಿಲ್ಲಿಸುತ್ತಿರಲಿಲ್ಲ. ಮನೆಯ ಜಗಲಿಯ ಮೇಲೆ ಮುನಿಶಾಮಪ್ಪನವರು ಮಜ್ಜಿಗೆಯ ಲೋಟ ಹಿಡಿದು ಕೂತಿದ್ದರು. ಗೌರಮ್ಮ ಬಾಗಿಲ ಹತ್ತಿರ ನಿಂತಿದ್ದಳು. ನಾನು ಬಂದದ್ದನ್ನು ಇಬ್ಬರೂ ನೋಡಿದರು, ಮಾತು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ಅವರು ಬಂದು ಈ ಲಾರಿಯ ಓನರ್ ಇದ್ದಾರಾ ಎಂದು ಕೇಳಿದ್ದಾರೆ. ಇವಳು, ನಾನೇ, ಏನಾಗಬೇಕಿತ್ತು ಎಂದಿದ್ದಾಳೆ. ಮೂರು ಹೆಬ್ಬೆಟ್ಟು ಒತ್ತಿದ್ದನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಮುನಿಶಾಮಪ್ಪನವರು ಒಂದೂವರೆ ಸಾವಿರದ ಮಾತನ್ನೇ ಎತ್ತಿದ್ದರು. ಬೇಕಾದರೆ ಟ್ರಿಪ್ಪಿನ ಮೇಲೆ ಜಾಸ್ತಿ ಕೊಡುತ್ತೇನೆ, ಹತ್ತಿರದ ದಾರಿ, ಏನೂ ಆಗುವುದಿಲ್ಲ ಎಂದು ಬಗೆಬಗೆಯಾಗಿ ಹೇಳಿದರು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಒಂದೂಮುಕ್ಕಾಲಿಗೆ ಒಪ್ಪಿರುತ್ತಿದ್ದೆ. ಗೌರಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು:

“ಸಾವಿರದ ಮೇಲೆ ಒಂದು ಇಟ್ಟಿಗೇನೂ ಇಲ್ಲಣ್ಣ. ಎಮ್ಮೆ ಮಾರಿ ತಂದಿರೋ ಗಾಡಿ. ಹೊರೆ ಹೊರ್ಸಿ ಸಾಯ್ಸೋಕಲ್ಲ. ನಿಮ್ಗೆ ಆಗಲ್ಲ ಅಂದ್ರೆ ಬೇರೆ ಗಾಡಿ ನೋಡ್ಕೊಳಿ.”

ಹೋಯಿತು ಕೆಲಸ, ಹೋಯಿತು ಲಾರಿ ಎಂದುಕೊಂಡು ಜಗಲಿಯ ಕಂಬ ಹಿಡಿದೆ. ಮುನಿಶಾಮಪ್ಪನವರು ಮಜ್ಜಿಗೆ ಮುಗಿಸಿದರು. ಲೋಟ ಕೆಳಗಿಟ್ಟು ನನ್ನ ಕಡೆ ಬೆರಳು ತೋರಿಸಿ, ನಾನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಈ ನಿಮ್ಮ ಡ್ರೈವರ್ ನಂಬಿಕಸ್ತನೋ ಎಂದು ಕೇಳಿದರು. ಗೌರಮ್ಮ ನನ್ನನ್ನು ಒಂದು ಸಲ ನೋಡಿದಳು. ಆ ನೋಟ ನನಗೆ ಹನ್ನೆರಡು ವರ್ಷದಿಂದ ಗೊತ್ತು, ನೋಡಿ ಸುಮ್ಮನಾಗುವ ನೋಟ. ಆದರೆ ಅವತ್ತು ಸುಮ್ಮನಾಗಲಿಲ್ಲ.

“ನನ್ ಗಂಡ ಕಣಣ್ಣ ಅವ್ರು. ನಂಬಿಕಸ್ತರೇ. ಕೇಳ್ದೋರಿಗೆ ಆಗಲ್ಲ ಅನ್ನೋಕ್ ಬರಲ್ಲ, ಅದೊಂದೇ. ಅದ್ನ ನಾನ್ ನೋಡ್ಕೋತೀನಿ.”

ನಾನು ಯಾರಿಂದಲೂ ಮುಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಗುಟ್ಟು ಅದು. ಅವಳು ಅದನ್ನು ಗಾಡಿಯ ನಂಬರ್ ಹೇಳುವಷ್ಟು ಸಲೀಸಾಗಿ ಹೇಳಿದಳು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಹಳ ದಿನದಿಂದ ಹೊತ್ತಿದ್ದ ಮೂಟೆಯೊಂದನ್ನು ಯಾರೋ ಬೆನ್ನಿನಿಂದ ಇಳಿಸಿಕೊಂಡ ಹಾಗಾಯಿತು. ಕಣ್ಣು ತುಂಬಿತು. ಖಾಕಿ ಅಂಗಿಯ ತೋಳಿಗೆ ಒರೆಸಿಕೊಂಡು, ಗ್ರೀಸು ಹತ್ತಿತು ಎಂದು ನೆಪ ಹೇಳಿದೆ.

ಬಸ್ಸಿನವರೆಗೆ ಮುನಿಶಾಮಪ್ಪನವರ ಜತೆ ನಡೆದುಹೋದೆ. ಹೋದ ವರ್ಷ ಹೇಳಿದ್ದಕ್ಕೆಲ್ಲ ಒಪ್ಪುವ ಲಾರಿಯವನೊಬ್ಬ ಸಿಕ್ಕಿದ್ದನಂತೆ. ಎಷ್ಟು ಹೇಳಿದರೆ ಅಷ್ಟು ಏರಿಸಿಕೊಂಡು, ಒಂದು ದಿನ ಕೆರೆ ಏರಿಯ ಮೇಲೆ ಅಚ್ಚು ಮುರಿದು, ಇಟ್ಟಿಗೆಯೆಲ್ಲ ಕೆರೆಗೆ ಹೋಯಿತಂತೆ. ಅಂದಿನಿಂದ ಅವರು ಹುಡುಕುತ್ತಿದ್ದದ್ದು ‘ಆಗಲ್ಲ’ ಎನ್ನುವ ಓನರನ್ನು. ಒಂದೂವರೆ ಸಾವಿರ ಎಂದು ಕೇಳಿದ್ದು ಬರೀ ಪರೀಕ್ಷೆಗೆ. ಯುಗಾದಿ ಕಳೆದ ಮಾರನೆಯ ದಿನದಿಂದ ಗಾಡಿ ತಾ ಎಂದರು. ನಾನು ಮೀಸೆಯ ವಿಷಯಕ್ಕೆ ಕ್ಷಮೆ ಕೇಳಲು ಬಾಯಿ ತೆರೆಯುತ್ತಿದ್ದೆ. ಬಸ್ಸು ಬಂತು. ಅವರು ಮೆಟ್ಟಿಲ ಮೇಲೆ ನಿಂತು ತಿರುಗಿ ಹೇಳಿದರು:

“ಮೀಸೆ ಒಂದ್ ಬಿಟ್ರೆ, ನಿಮ್ ಓನರು ನೀನು ಏಳ್ದಂಗೇ ಅವ್ರೆ ಕಣಯ್ಯ.”

ಬಸ್ಸು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಅಮಾವಾಸ್ಯೆ, ಬೀಡಿ, ಬಾಯಿಲ್ಲದ ಪ್ರಾಣಿ, ಬೆಳಗಿನ ನಾಲ್ಕು ಗಂಟೆ, ನೋಡಿ ಸುಮ್ಮನಾಗುವುದು, ಒಳಗೆ ಒಳ್ಳೆಯವರು ಎಂಬುದು, ಒಂದೊಂದೇ ನೆನಪಿಗೆ ಬಂತು. ಎರಡು ತಿಂಗಳು ಸುಳ್ಳು ಹೇಳಿದೆ ಎಂದುಕೊಂಡು ನಾನು ನಮ್ಮ ಮನೆಯ ಸತ್ಯವನ್ನೇ ಮಂಡಿಮಂಡಿಗೆ ಸಾರಿಕೊಂಡು ಬಂದಿದ್ದೆ. ಸ್ವಂತ ಬುದ್ಧಿಯಿಂದ ನಾನು ಸೇರಿಸಿದ್ದು ಮೀಸೆ ಮಾತ್ರ. ಮನೆಗೆ ಬಂದಾಗ ಗೌರಮ್ಮ ಗಾಡಿಯ ಹಿಂದಿನ ಚಕ್ರದ ಹತ್ತಿರ ನಿಂತು, ಒದ್ದೆ ಬಟ್ಟೆಯಿಂದ ಉಳಿದ ಕೆಸರನ್ನು ಒರೆಸುತ್ತಿದ್ದಳು. ಇದರಲ್ಲಿ ನನ್ನ ಹೆಸರು ಯಾವುದು ಎಂದು ಕೇಳಿದಳು. ತೋರಿಸಿದೆ. ಇಷ್ಟು ಸಣ್ಣಗೆ ಯಾಕೆ ಬರೆಸಿದಿರಿ ಎಂದಳು. ಬಣ್ಣ ಕಡಿಮೆ ಬಿತ್ತು ಎಂದೆ. ನಂಬಲಿಲ್ಲ. ಆದರೆ ಮುಂದಿನ ವಾರ ಬಣ್ಣದವನನ್ನು ಕರೆಸಿ, ಗೇಣುದ್ದದ ಅಕ್ಷರದಲ್ಲಿ, ಕೆಸರು ಹಾರದ ಬಾಗಿಲ ಮೇಲೆ ಬರೆಸಿದೆ. ಹಾಗೆ ಬರೆಸು ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ಇಂದಿನವರೆಗೂ ಲಾರಿ ಓಡುತ್ತಿದೆ. ಆ ಗಾಡಿ ಹೋಗಿ ಇನ್ನೊಂದು ಬಂದಿದೆ, ಕೊಟ್ಟಿಗೆಗೆ ಎಮ್ಮೆಗಳೂ ಒಂದೊಂದಾಗಿ ವಾಪಸು ಬಂದಿವೆ. ‘ಓನರ್‌ನ ಕೇಳಿ ಹೇಳ್ತೀನಿ’ ಎಂಬ ಮಾತೂ ನನ್ನ ಬಾಯಿಗೆ ಮರಳಿದೆ. ಒಂದೇ ತೊಂದರೆ. ಮೀಸೆಯ ಓನರನ್ನು ನಾನು ಕೇಳಬೇಕಾಗಿರಲಿಲ್ಲ, ಅವನು ಯಾವಾಗಲೂ ನನಗೆ ಬೇಕಾದ ಉತ್ತರವನ್ನೇ ಕೊಡುತ್ತಿದ್ದ. ಈಗಿನ ಓನರನ್ನು ನಿಜವಾಗಿಯೂ ಕೇಳಬೇಕು. ಕೇಳಿದರೆ ಉತ್ತರ ಬರುತ್ತದೆ. ಗೆಳೆಯರು ಜಾತ್ರೆಗೆ ಹೋಗಿ ಬರೋಣ ಗಾಡಿ ತೆಗಿ ಎಂದರೆ, ಕೇಳಿ ಹೇಳ್ತೀನಿ ಎಂದು ತಪ್ಪಿಸಿಕೊಳ್ಳಲು ಮನಸ್ಸಿಲ್ಲದ ದಿನವೂ ತಪ್ಪಿಸಿಕೊಳ್ಳಲೇಬೇಕಾಗುತ್ತದೆ. ಇದನ್ನು ಬರೆದು ಮುಗಿಸಿದ ಮೇಲೂ ಕ್ರಮ ತಪ್ಪಬಾರದೆಂದು ಓನರಿಗೆ ಓದಿ ಹೇಳಿದೆ. ಎಮ್ಮೆ ಮಾರಿದ ಕಡೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕೊನೆಗೆ, ಎಲ್ಲ ಇರಲಿ, ಆ ಮೀಸೆಯ ವಿಷಯ ಮಾತ್ರ ತೆಗೆದುಬಿಡಿ, ಓದಿದವರು ಏನೆಂದುಕೊಂಡಾರು ಎಂದಳು. ಆಗಲಿ ಎಂದು ತಲೆಯಾಡಿಸಿದೆ. ಕೇಳಿದವರಿಗೆ ಆಗಲ್ಲ ಎನ್ನಲು ನನಗೆ ಈಗಲೂ ಬರುವುದಿಲ್ಲ. ಆದರೆ ಡ್ರೈವರನ ಹಳೆಯ ಚಾಳಿ ಹೋಗುತ್ತದೆಯೇ? ಮೀಸೆಯನ್ನು ಓನರ್‌ಗೆ ತಿಳಿಯದಂತೆ ಟಾರ್ಪಾಲಿನ ಅಡಿಯಲ್ಲಿಟ್ಟು ನಿಮ್ಮವರೆಗೂ ಸಾಗಿಸಿದ್ದೇನೆ. ಯಲಹಂಕದ ಕಡೆ ಬಂದರೆ ದಯವಿಟ್ಟು ಬಾಯಿ ಬಿಡಬೇಡಿ.